ನಮ್ಮ ವಕೀಲರ ಫೀಸು, ವಿಮಾ ಕಂಪನಿಯ ಗುಟ್ಟಿನ ದರ: ಅಸೆಂಬ್ಲಿ ಸದಸ್ಯರಿಗೊಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾ ಅಸೆಂಬ್ಲಿಯಲ್ಲಿ ಫ್ರೀಮಾಂಟ್ ಭಾಗವನ್ನು ಪ್ರತಿನಿಧಿಸುವ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ಸಿವಿಲ್ ಕೋಡಿನ 2860ನೇ ಸೆಕ್ಷನ್‌ಗೆ ತಿದ್ದುಪಡಿ ತರುವ ಮಸೂದೆಯನ್ನು ನೀವು ಮಂಡಿಸಬೇಕು ಎಂದು ಕೇಳಲು ಬರೆಯುತ್ತಿದ್ದೇನೆ. ವಿಮೆ ಮಾಡಿಸಿದವರು ತಾವೇ ಆರಿಸಿದ ವಕೀಲರಿಗೆ ವಿಮಾ ಕಂಪನಿ ಯಾವಾಗ, ಎಷ್ಟು ಫೀಸು ಕೊಡಬೇಕು ಎಂದು ಹೇಳುವ ಸೆಕ್ಷನ್ ಅದು. ಇದರ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಬೇ ಏರಿಯಾದಲ್ಲಿ ಸಣ್ಣ ವ್ಯಾಪಾರ ನಡೆಸುವ ಕನ್ನಡಿಗರಿದ್ದಾರೆ. ಹೋಟೆಲ್, ಡೇ ಕೇರ್, ನನ್ನ ಹಾಗೆ ಮನೆ ರಿಪೇರಿ ಕಂಟ್ರಾಕ್ಟ್. ಬೇರೆಯವರು ಕೇಸು ಹಾಕಿದರೆ ನೆರವಿಗೆ ಬರುವ ಲಯಬಿಲಿಟಿ ವಿಮೆಗೆ ತಪ್ಪದೆ ದುಡ್ಡು ಕಟ್ಟುತ್ತಾರೆ. ಈ ಸೆಕ್ಷನ್ ಬಗ್ಗೆ ಕೇಳಿದವರು ಮಾತ್ರ ನನಗೆ ಸಿಕ್ಕಿಲ್ಲ.

ವಿಷಯ ಇಷ್ಟು. ಗಿರಾಕಿಯೊಬ್ಬರು ನನ್ನ ಮೇಲೆ ಕೇಸು ಹಾಕಿದರು. ಬಾತ್‌ರೂಮ್ ಕೆಲಸದಲ್ಲಿ ಎಚ್ಚರ ತಪ್ಪಿ ನೀರು ಸೋರುವಂತಾಯಿತು ಅನ್ನುವುದು ಒಂದು ಆರೋಪ. ಸೋರುವುದು ಗೊತ್ತಿದ್ದೂ ಬೇಕಂತಲೇ ಮುಚ್ಚಿಟ್ಟೆ ಅನ್ನುವುದು ಇನ್ನೊಂದು. ವಿಮಾ ಕಂಪನಿ ತನ್ನ ವಕೀಲರನ್ನು ನೇಮಿಸಿತು. ಜೊತೆಗೆ ತನ್ನ ಹಕ್ಕುಗಳನ್ನು ಕಾಯ್ದಿರಿಸಿದ್ದೇನೆ ಎಂಬ ಪತ್ರವನ್ನೂ ಕಳಿಸಿತು. ಅಂದರೆ ಸದ್ಯಕ್ಕೆ ಕೇಸು ನಡೆಸುತ್ತೇವೆ, ಬೇಕಂತಲೇ ಮಾಡಿದ್ದು ಅಂತಾದರೆ ಪರಿಹಾರದ ದುಡ್ಡು ಕೊಡುವುದಿಲ್ಲ ಅಂತ. ಬೇಕಂತ ಮಾಡಿದ ತಪ್ಪಿಗೆ ವಿಮೆ ಇಲ್ಲ ಅನ್ನುವುದು ಇನ್ಶೂರೆನ್ಸ್ ಕೋಡಿನ 533ನೇ ಸೆಕ್ಷನ್. ಅದು ಸರಿಯೇ. ಆದರೆ ತೀರ್ಪು ಎತ್ತ ವಾಲಿದರೆ ಯಾರಿಗೆ ಲಾಭ ನೋಡಿ. ಎಚ್ಚರ ತಪ್ಪಿದ್ದು ಅಂತಾದರೆ ದುಡ್ಡು ಕಂಪನಿಯದು. ಬೇಕಂತಲೇ ಅಂತಾದರೆ ನನ್ನದು. ವರ್ಷವಿಡೀ ಅದೇ ಕಂಪನಿಯಿಂದ ಕೆಲಸ ಪಡೆಯುವ ವಕೀಲರು ಇಲ್ಲಿ ನನ್ನ ಪರ ವಾದಿಸಬೇಕು. ಎಷ್ಟೇ ಪ್ರಾಮಾಣಿಕರಾದರೂ ಇಕ್ಕಟ್ಟೇ ಅಲ್ವಾ?

ಇದಕ್ಕೆ 1984ರಲ್ಲೇ ಕೋರ್ಟ್ ಉತ್ತರ ಕೊಟ್ಟಿದೆ. ಸ್ಯಾನ್ ಡಿಯಾಗೊ ನೇವಿ ಫೆಡರಲ್ ಕ್ರೆಡಿಟ್ ಯೂನಿಯನ್ ಎಂಬ, ಸಹಕಾರಿ ಬ್ಯಾಂಕಿನಂಥ ಸಂಸ್ಥೆಯ ಮೇಲೆ, ಕೆಲಸದಿಂದ ತೆಗೆದರು ಎಂದು ಒಬ್ಬರು ದಾವೆ ಹೂಡಿದ್ದರು. ಕ್ಯೂಮಿಸ್ ಎಂಬ ವಿಮಾ ಕಂಪನಿ ಹಕ್ಕು ಕಾಯ್ದಿರಿಸಿಕೊಂಡೇ ವಕೀಲರನ್ನು ಕೊಟ್ಟಿತು. ಕ್ರೆಡಿಟ್ ಯೂನಿಯನ್ ತನ್ನದೇ ವಕೀಲರನ್ನು ಇಟ್ಟುಕೊಂಡಿತು. ಕಂಪನಿ ಅವರ ಎರಡು ಬಿಲ್ ಕಟ್ಟಿ ಆಮೇಲೆ ನಿಲ್ಲಿಸಿಬಿಟ್ಟಿತು. ಇಬ್ಬರ ಹಿತ ಎದುರುಬದುರಾದಾಗ ಪಾಲಿಸಿದಾರರು ಆರಿಸಿದ ಸ್ವತಂತ್ರ ವಕೀಲರ ಖರ್ಚು ಕಂಪನಿಯದೇ ಎಂದು ಮೇಲ್ಮನವಿ ಕೋರ್ಟ್ ಹೇಳಿತು. ಇವತ್ತಿಗೂ ಅಂಥವರನ್ನು ಕ್ಯೂಮಿಸ್ ಕೌನ್ಸೆಲ್ ಅಂತಲೇ ಕರೆಯುತ್ತಾರೆ. 1987ರಲ್ಲಿ ನಿಮ್ಮ ಶಾಸನಸಭೆ ಅದಕ್ಕೆ 2860ನೇ ಸೆಕ್ಷನ್ನಿನ ರೂಪ ಕೊಟ್ಟಿತು. ಓದುತ್ತಿರುವ ಕನ್ನಡಿಗರಿಗೆ ಒಂದು ಮಾತು: ಹಕ್ಕು ಕಾಯ್ದಿರಿಸಿದ ಪತ್ರ ಬಂದಾಗಲೆಲ್ಲ ಈ ಹಕ್ಕು ಸಿಗುವುದಿಲ್ಲ. ಕಂಪನಿ ತಕರಾರು ಎತ್ತಿರುವ ವಿಷಯವನ್ನೇ ಅದರ ವಕೀಲರು ಒಂದು ಕಡೆಗೆ ತಿರುಗಿಸಬಲ್ಲರು ಅನ್ನುವಂತಿದ್ದಾಗ ಸಿಗುತ್ತದೆ.

ನನ್ನ ತಕರಾರು ಫೀಸಿನ ಬಗ್ಗೆ. ಇದೇ ವಿಮಾ ಕಂಪನಿ ಈ ಪ್ರದೇಶದಲ್ಲಿ ಇಂಥದೇ ಕೇಸುಗಳಿಗೆ ತನ್ನ ವಕೀಲರಿಗೆ ನಿಜವಾಗಿ ಕೊಡುವ ದರ ಎಷ್ಟೋ, ಸ್ವತಂತ್ರ ವಕೀಲರಿಗೂ ಅಷ್ಟೇ ಕೊಟ್ಟರೆ ಸಾಕು ಎಂದು ಸೆಕ್ಷನ್ ಹೇಳುತ್ತದೆ. ಓದಲು ನ್ಯಾಯವಾಗಿಯೇ ಇದೆ. ಆದರೆ ಕಂಪನಿಯ ಪಟ್ಟಿಯಲ್ಲಿರುವ ವಕೀಲರು ದರ ಇಳಿಸುವುದು ರಾಶಿ ರಾಶಿ ಕೇಸು ಸಿಗುತ್ತದೆ ಎಂಬ ಕಾರಣಕ್ಕೆ. ನನ್ನ ಹತ್ತಿರ ಇರುವುದು ಒಂದೇ ಕೇಸು. ಯಶವಂತಪುರ ಮಾರ್ಕೆಟ್ಟಿನ ಸಗಟು ದರಕ್ಕೆ ಒಂದು ಕೆಜಿ ಈರುಳ್ಳಿ ಕೊಡಿ ಅಂದರೆ ಯಾರು ಕೊಡುತ್ತಾರೆ? ಇನ್ನು ಸ್ವತಂತ್ರ ವಕೀಲರಿಗೆ ಕನಿಷ್ಠ 5 ವರ್ಷದ ಸಿವಿಲ್ ಅನುಭವ ಇರಬೇಕು, ಅದೇ ಬಗೆಯ ಕೇಸು ನಡೆಸಿ ಗೊತ್ತಿರಬೇಕು, ತಮ್ಮ ಕೆಲಸದ ತಪ್ಪುಗಳಿಗೆ ವೃತ್ತಿ ವಿಮೆಯೂ ಇರಬೇಕು ಎಂದು ಕಂಪನಿ ಕೇಳಬಹುದು. ಅದಕ್ಕೂ ಇದೇ ಸೆಕ್ಷನ್ ಅವಕಾಶ ಕೊಡುತ್ತದೆ. ಒಬ್ಬ ವಕೀಲರು ಗಂಟೆಗೆ 500 ಡಾಲರ್ ಕೇಳುತ್ತಾರೆ, ಕಂಪನಿ 225 ಕೊಡುತ್ತದೆ ಅಂದುಕೊಳ್ಳಿ. 200 ಗಂಟೆ ಕೆಲಸಕ್ಕೆ ಪಾಲಿಸಿದಾರರ ಜೇಬಿನಿಂದ ಹೋಗುವುದು 55,000 ಡಾಲರ್. ಪ್ರೀಮಿಯಂ ಕಟ್ಟಿದ ಮೇಲೂ!

ಕಂಪನಿ ಹೇಳುವ ಇಂಥ ದರ ಎಲ್ಲಿಂದ ಬರುತ್ತದೆ? ನಾನು ಕೇಳಿದೆ. ನಮ್ಮ ದರ ಇಷ್ಟೇ ಅಂದರು. ಯಾವ ವಕೀಲರಿಗೆ, ಎಂಥ ಕೇಸಿಗೆ, ಯಾವ ಕೌಂಟಿಯಲ್ಲಿ (ಇಲ್ಲಿನ ಜಿಲ್ಲೆ) ಎಂದರೆ ಅದು ಗೋಪ್ಯ ಅಂದರು. ನಂಬಬೇಕು, ಅಷ್ಟೇ. ಫೀಸಿನ ಜಗಳವನ್ನು ಒಬ್ಬ ತಟಸ್ಥ ಮಧ್ಯಸ್ಥಗಾರರ ಮುಂದೆ ತೀರಿಸಿಕೊಳ್ಳಿ ಎಂದು ಕಾನೂನು ಹೇಳುತ್ತದೆ. ಆದರೆ ಸಮನ್ಸ್ ಬಂದ 30 ದಿನದೊಳಗೆ ಕೋರ್ಟಿಗೆ ಉತ್ತರ ಕೊಡಬೇಕು. ವಕೀಲರ ಬಿಲ್ ತಿಂಗಳು ತಿಂಗಳು ಬರುತ್ತದೆ. ಕೆಲಸದವರಿಗೆ ಸಂಬಳ ಕೊಡುವುದೋ, ಇದನ್ನು ಕಟ್ಟುವುದೋ? ನನಗೆ ಗೊತ್ತಿರುವ ಒಬ್ಬರು ಇದೇ ಹೆದರಿಕೆಗೆ ಸ್ವತಂತ್ರ ವಕೀಲರು ಬೇಡ ಎಂದು ಸಹಿ ಹಾಕಿಕೊಟ್ಟರು.

ಕಂಪನಿಗಳ ಕಡೆಯ ಮಾತೂ ಸುಳ್ಳಲ್ಲ. ಮಿತಿಮೀರಿದ ಬಿಲ್‌ಗಳು ಬಂದಿವೆ. ಹಾರ್ಟ್‌ಫರ್ಡ್ ವಿಮಾ ಕಂಪನಿ ಸುಮಾರು 1.5 ಕೋಟಿ ಡಾಲರ್ ಕೊಟ್ಟೆ ಎಂದು ಹೇಳಿದ ಕೇಸಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ, ಅಲ್ಲಿನ ಸನ್ನಿವೇಶ ನೋಡಿ, ಜಾಸ್ತಿ ಹಾಕಿದ ಫೀಸನ್ನು ಸ್ವತಂತ್ರ ವಕೀಲರಿಂದಲೇ ವಾಪಸ್ ಕೇಳಬಹುದು ಅಂದಿತು. ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕರಾಗಿದ್ದ ಜೆರ್ರಿ ಬಸ್ ಅವರ 1997ರ ಕೇಸಿನಲ್ಲಿ 27 ಆರೋಪಗಳಿದ್ದವು. ವಿಮೆಗೆ ಸೇರಬಹುದಾಗಿದ್ದದ್ದು ಒಂದೇ. ಕಂಪನಿ ಮೊದಲು ಇಡೀ ಕೇಸನ್ನು ನಡೆಸಬೇಕು, ವಿಮೆಗೆ ಸೇರುವ ಸಾಧ್ಯತೆಯೇ ಇಲ್ಲದ ಆರೋಪಗಳಿಗಷ್ಟೇ ಆದ ಖರ್ಚನ್ನು ಆಮೇಲೆ ಪಾಲಿಸಿದಾರರಿಂದ ಕೇಳಬಹುದು, ಹಾಗೆಂದು ರುಜುವಾತು ಮಾಡುವ ಹೊಣೆ ಕಂಪನಿಯದು ಎಂದಿತು ಕೋರ್ಟ್. ಅಂದರೆ ಜಾಸ್ತಿ ಕೊಟ್ಟಿದ್ದನ್ನು ವಾಪಸ್ ಪಡೆಯಲು ಕಂಪನಿಗೆ ದಾರಿ ಇದ್ದೇ ಇದೆ. ಕಡಿಮೆ ಸಿಕ್ಕ ಪಾಲಿಸಿದಾರರು ಮಾತ್ರ ಕತ್ತಲಲ್ಲಿ ತಡಕಾಡಬೇಕು.

ಆದ್ದರಿಂದ ಕೇಳುತ್ತೇನೆ. ದರದ ಮಿತಿ ಹೇಳುವ ಕಂಪನಿ 30 ದಿನದೊಳಗೆ ಲೆಕ್ಕ ತೋರಿಸಲಿ. ಕಳೆದ ಎರಡು ವರ್ಷದಲ್ಲಿ ಇಂಥ ಕೇಸುಗಳಿಗೆ ಈ ಕೌಂಟಿಯಲ್ಲಿ ಗಂಟೆಗೆ ಎಷ್ಟು ಕೊಟ್ಟಿತು, ಪ್ರಮಾಣ ಮಾಡಿ ಹೇಳಲಿ. ಬೇರೆ ಗಿರಾಕಿಗಳ ಹೆಸರು ನನಗೆ ಬೇಡ. ಲೆಕ್ಕ ತೋರಿಸದಿದ್ದರೆ ಆ ಕೇಸಿಗೆ ಮಿತಿ ಅನ್ವಯಿಸದಿರಲಿ. ಜಗಳವಿಲ್ಲದ ಮೊತ್ತವನ್ನು ಮಧ್ಯಸ್ಥಿಕೆ ಮುಗಿಯುವ ತನಕ ತಡೆಯದೆ ತಿಂಗಳು ತಿಂಗಳು ಕಟ್ಟಲಿ. ಹಕ್ಕು ಕಾಯ್ದಿರಿಸುವ ಪತ್ರದ ಮೊದಲ ಪುಟದಲ್ಲೇ, ಸ್ವತಂತ್ರ ವಕೀಲರನ್ನು ಕೇಳುವ ಹಕ್ಕು ನಿಮಗಿರಬಹುದು ಎಂದು ಸರಳವಾಗಿ ಬರೆದಿರಲಿ. ನನಗೆ ಬಂದ ಪತ್ರದಲ್ಲಿ ಆ ಸಾಲು ಇರಲಿಲ್ಲ. ಕೇಸು ಅರ್ಧ ನಡೆದ ಮೇಲೆ, ಇನ್ನೊಬ್ಬ ಕಂಟ್ರಾಕ್ಟರ್ ಹೇಳಿದ್ದರಿಂದ ನನಗೆ ಗೊತ್ತಾಯಿತು.

ಸ್ಯಾಕ್ರಮೆಂಟೊಗೆ ಬಂದು ಅಸೆಂಬ್ಲಿಯ ವಿಮಾ ಸಮಿತಿ ಮುಂದೆ ಇದನ್ನೇ ಹೇಳಲು ನಾನು ಸಿದ್ಧ. ಪತ್ರಗಳು, ಬಿಲ್‌ಗಳು, ಕಂಪನಿ ಕೊಟ್ಟ ಉತ್ತರಗಳು ಎಲ್ಲವನ್ನೂ ತರುತ್ತೇನೆ. ಮುಂದಿನ ಅಧಿವೇಶನಕ್ಕೆ ಮಸೂದೆ ಸಲ್ಲಿಸುವ ಗಡುವಿನ ಮೊದಲು ನಿಮ್ಮ ಕಚೇರಿಯಿಂದ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು.

ಇಂತಿ,
ಫ್ರೀಮಾಂಟಿನ ಒಬ್ಬ ಮನೆ ರಿಪೇರಿ ಕಂಟ್ರಾಕ್ಟರ್