ಹೆಬ್ಬೆಟ್ಟು ತಾಗದವರನ್ನು ಇಗರ್ಜಿಗೆ ಕಳಿಸಬೇಡಿ, ಅವರ ಅಕ್ಕಿ ಅವರಿಗೆ ಕೊಡಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಇಗರ್ಜಿಯ (ಚರ್ಚಿನ) ಹಿಂದಿನ ಉಗ್ರಾಣ ತಾವು ನೋಡಿರುವಂಥದ್ದೇ. ತಿಂಗಳಿಗೊಮ್ಮೆ ಅಲ್ಲಿಂದ ರೇಷನ್ ಕಿಟ್ ಹೋಗುತ್ತದೆ. ಒಂಟಿ ಹೆಂಗಸರು, ಹಾಸಿಗೆ ಹಿಡಿದವರಿರುವ ಮನೆಗಳು, ದುಡಿಯುವವರೇ ಇಲ್ಲದ ಮನೆಗಳು ಅದನ್ನು ನಂಬಿವೆ. ಜಾತಿ ಮತ ಕೇಳುವುದಿಲ್ಲ. ಇದಕ್ಕೆ ಅನುದಾನ ಬೇಕೆಂದು ತಮ್ಮನ್ನು ಈವರೆಗೆ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ. ಕೇಳುತ್ತಿರುವುದು ಒಂದೇ ವಿಷಯ: ರೇಷನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ತಾಗಲಿಲ್ಲ ಎಂದು ಕಾರ್ಡ್ ಇರುವವರನ್ನು ಬರಿಗೈಯಲ್ಲಿ ಕಳಿಸುವುದು ನಿಲ್ಲಬೇಕು. ತಾಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಅದೇ ದಿನ ಅಕ್ಕಿ ಕೊಡಬೇಕು.

ನಿಯಮ ತಮಗೆ ಗೊತ್ತಿದೆ. ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದು ರಾಜ್ಯಗಳಿಗೆ ಕಳಿಸಿದ ಸೂಚನೆಯಲ್ಲಿ ಇದೇ ಇದೆ. ಆಧಾರ್ ಇಲ್ಲ, ನೆಟ್‌ವರ್ಕ್ ಇಲ್ಲ, ಬೆರಳಚ್ಚು ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಯಾರಿಗೂ ಧಾನ್ಯ ನಿರಾಕರಿಸಬಾರದು, ಕೊಟ್ಟು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಇನ್ನೂ ಮುಂದೆ ಹೋಗಿ, ಕೊಡಬೇಕಾದ ಧಾನ್ಯ ಕೊಡದಿದ್ದರೆ ಅದಕ್ಕೆ ಬದಲಾಗಿ ಭತ್ಯೆ ಕೊಡಬೇಕು ಎನ್ನುತ್ತದೆ. ಆ ಭತ್ಯೆ ಪಡೆದವರೊಬ್ಬರೂ ನಮ್ಮ ಉಗ್ರಾಣದ ಬಾಗಿಲಿಗೆ ಇದುವರೆಗೆ ಬಂದಿಲ್ಲ. ಸಿಗದವರು ಮಾತ್ರ ಬರುತ್ತಲೇ ಇದ್ದಾರೆ.

ಯಾರ ಬೆರಳು ತಾಗುವುದಿಲ್ಲ ಎಂಬುದನ್ನು ಈ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಬೀಡಿ ಕಟ್ಟುವವರ ಬೆರಳ ತುದಿ ಎಲೆ ಸುತ್ತಿ ಸುತ್ತಿ ಸವೆದು ನಯವಾಗಿರುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ಸುಲಿದವರ ಚರ್ಮವನ್ನು ಸಿಪ್ಪೆಯ ಸೊನೆ ಸುಟ್ಟಿರುತ್ತದೆ. ಅಡಿಕೆ ಸುಲಿದವರು, ಕಲ್ಲಿನ ಕೋರೆಯಲ್ಲಿ ದುಡಿದವರು, ಮೀನು ಕೊಯ್ಯುವವರು ಎಲ್ಲರದೂ ಹೀಗೆಯೇ. ಅದರ ಮೇಲೆ ವಯಸ್ಸು. ಅರುವತ್ತು ದಾಟಿದ ಮೇಲೆ ಚರ್ಮ ಒಣಗಿ ಗೆರೆಗಳೇ ಮಾಸುತ್ತವೆ. ಬದುಕೆಲ್ಲ ಕೈಯಿಂದ ದುಡಿದವರಿಗೇ, ಆ ಕೈಯ ಗುರುತು ಇಲ್ಲ ಎಂಬ ಕಾರಣಕ್ಕೆ ಅಕ್ಕಿ ಸಿಗುವುದಿಲ್ಲ. ಇದನ್ನು ಬರೆಯುವಾಗ ನಮಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಒಂದು ಪ್ರಕರಣ ಹೇಳುತ್ತೇವೆ. ಊರು, ಹೆಸರು, ಕಚೇರಿ ಯಾವುದನ್ನೂ ಬರೆಯುವುದಿಲ್ಲ, ಆ ಅಮ್ಮನಿಗೆ ಮುಂದೆ ತೊಂದರೆಯಾಗುವುದು ಬೇಡ. ಒಂಟಿ ಹೆಂಗಸು, ಬೀಡಿ ಕಟ್ಟಿ ಬದುಕಿದವರು, ಕಡುಬಡವರಿಗೆ ಕೊಡುವ ಅಂತ್ಯೋದಯ ಕಾರ್ಡ್. ಕಾಯ್ದೆಯ ಪ್ರಕಾರ ಆ ಕಾರ್ಡಿಗೆ ತಿಂಗಳಿಗೆ 35 ಕೆಜಿ. ಸೊಸೈಟಿಯ ರೇಷನ್ ಅಂಗಡಿಗೆ ಹೋದಾಗ ಹೆಬ್ಬೆಟ್ಟು ತಾಗಲಿಲ್ಲ, ಉಳಿದ ಬೆರಳುಗಳೂ ತಾಗಲಿಲ್ಲ. ನಾಳೆ ಬನ್ನಿ ಎಂದರು. ಮರುದಿನ ಸರ್ವರ್ ಇಲ್ಲ. ಆಮೇಲೆ ಕರೆಂಟ್ ಇಲ್ಲ. ಅಷ್ಟರಲ್ಲಿ ತಿಂಗಳು ಮುಗಿಯಿತು, ತಿಂಗಳು ಮುಗಿದರೆ ಆ ತಿಂಗಳ ಅಕ್ಕಿಯೂ ಹೋಯಿತು. ಮುಂದಿನ ತಿಂಗಳು ಆಧಾರ್ ಸರಿ ಮಾಡಿಸಿಕೊಂಡು ಬನ್ನಿ ಎಂದರು. ಆಧಾರ್ ಕೇಂದ್ರದ ಯಂತ್ರವೂ ಅದೇ ಬೆರಳನ್ನು ಓದಬೇಕಲ್ಲ, ಅದೂ ಓದಲಿಲ್ಲ. ಹೆಂಗಸರಿಗೆ ಬಸ್ ಉಚಿತ ಎನ್ನುತ್ತೀರಿ, ಅವರ ಊರಿಗೆ ಹೋಗುವುದು ಖಾಸಗಿ ಬಸ್, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಕೊನೆಗೆ ಒಂದು ಕಚೇರಿಯಲ್ಲಿ ಒಬ್ಬರು ತುಂಡು ಕಾಗದದ ಮೇಲೆ ನಮ್ಮ ಇಗರ್ಜಿಯ ಹೆಸರು ಬರೆದುಕೊಟ್ಟು, "ಅಲ್ಲಿ ಕಿಟ್ ಕೊಡುತ್ತಾರೆ, ಕೇಳಿ ನೋಡಿ" ಎಂದು ಕಳಿಸಿದರು.

ಸರ್ಕಾರಿ ಸಂಬಳ ಪಡೆಯುವವರು ಸರ್ಕಾರದ ಅಕ್ಕಿಗೆ ಹಕ್ಕಿರುವವರನ್ನು ಇಗರ್ಜಿಯ ದಾನಕ್ಕೆ ಕಳಿಸಿದ್ದಾರೆ. ಆ ಕಾಗದ ನಮ್ಮ ಬಳಿ ಇದೆ. ನೋಡಬೇಕೆಂದರೆ ತಂದು ತೋರಿಸುತ್ತೇವೆ.

ಕೊಡಲಿಕ್ಕೆ ನಮ್ಮಲ್ಲಿ ಎಷ್ಟಿದೆ ಎಂದು ಆ ಕಚೇರಿಯವರು ಒಮ್ಮೆಯೂ ಯೋಚಿಸಿರಲಾರರು. ಆದ್ದರಿಂದ ಲೆಕ್ಕ ಇಲ್ಲೇ ಹೇಳುತ್ತೇವೆ. ಒಂದು ಕಿಟ್ ಎಂದರೆ ಕುಚಲಕ್ಕಿ 10 ಕೆಜಿ, ತೊಗರಿಬೇಳೆ 1 ಕೆಜಿ, ಹೆಸರುಕಾಳು ಅರ್ಧ ಕೆಜಿ, ಸಕ್ಕರೆ 1 ಕೆಜಿ, ಉಪ್ಪು, ಎಣ್ಣೆ 1 ಲೀಟರ್, ಕಾಲು ಕೆಜಿ ಚಹಾ ಪುಡಿ, ರವೆ, ಬಟ್ಟೆ ಸೋಪು. ಅಕ್ಕಿ ಬರುವುದು 26 ಕೆಜಿಯ ಚೀಲದಲ್ಲಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5 ಶೇಕಡಾ ಜಿಎಸ್‌ಟಿ ಬಿದ್ದ ಮೇಲೆ ಮಿಲ್ಲಿನವರು ಒಂದು ಕೆಜಿ ಹೆಚ್ಚು ತುಂಬಿಸುತ್ತಾರೆ. ಒಂದು ಚೀಲದಿಂದ ಎರಡು ಕಿಟ್ ತೂಗಿದರೆ 6 ಕೆಜಿ ಉಳಿಯುತ್ತದೆ. ಅದು ಮುಚ್ಚಳದ ಡ್ರಮ್ಮಿಗೆ ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದೆ ಏಕಾಏಕಿ ಬಾಗಿಲಿಗೆ ಬಂದವರಿಗೆ ಕೊಡುವುದು ಈ ಡ್ರಮ್ಮಿನಿಂದಲೇ. ಆ ಅಮ್ಮನ ಕಾರ್ಡಿನ 35 ಕೆಜಿ ನಾವು ತುಂಬಿಸಬೇಕಾದರೆ ಆರು ಚೀಲಗಳ ಉಳಿಕೆ ಬೇಕು, ಅಂದರೆ ಹನ್ನೆರಡು ಮನೆಗಳ ಕಿಟ್ ಕಟ್ಟಿದ ಮೇಲೆ ಉಳಿಯುವುದೆಲ್ಲ ಒಬ್ಬರಿಗೆ. ನಾಲ್ಕು ಜನರ ಬಿಪಿಎಲ್ ಮನೆಗೆ ಕಾಯ್ದೆಯ ಪಾಲೇ ತಲೆಗೆ 5ರಂತೆ 20 ಕೆಜಿ, ಅನ್ನಭಾಗ್ಯದಲ್ಲಿ ರಾಜ್ಯ ಸೇರಿಸುವ ಪಾಲು ಬೇರೆ. ಡ್ರಮ್ಮಿನಿಂದ 3 ಕೆಜಿ ಅಳೆದು ಕೊಟ್ಟು ಕಳಿಸುತ್ತೇವೆ. ಅದು ಎಷ್ಟು ದಿನದ ಗಂಜಿ ಎಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು.

ಹಾಗಾದರೆ ಇನ್ನೂ ಹತ್ತು ಚೀಲ ತಂದಿಡಿ ಎನ್ನುವವರಿದ್ದಾರೆ. ಕರಾವಳಿಯಲ್ಲಿ ಅಕ್ಕಿ ಇಡುವುದು ಏನೆಂದು ಅವರಿಗೆ ತಿಳಿಯದು. ಚೀಲ ನೆಲಕ್ಕೆ ತಾಗಬಾರದು, ಅರ್ಧ ಅಡಿ ಎತ್ತರದ ಮರದ ಹಲಗೆ ಬೇಕು. ಗೋಡೆಯಿಂದಲೂ ಒಂದು ಅಡಿ ದೂರ ಇರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಗೋಡೆಯ ತಂಡಿ ಎಳೆದುಕೊಂಡು ಆ ಬದಿಯ ಅಕ್ಕಿ ಬೂಸ್ಟು ಹಿಡಿಯುತ್ತದೆ. ಆ ಸಂದಿ ಇದ್ದರೆ ಇಲಿ ಬಂದದ್ದೂ ಕಣ್ಣಿಗೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳಿಗಿಂತ ಹೆಚ್ಚಿನ ದಾಸ್ತಾನು ಇಟ್ಟರೆ ನುಸಿ ಬರುವುದು ಖಂಡಿತ. ಮೊದಲು ಬಂದ ಚೀಲ ಮೊದಲು ಹೊರಗೆ ಹೋಗಬೇಕು, ಅದಕ್ಕೆ ಪ್ರತಿ ಚೀಲದ ಮೇಲೆ ಬಂದ ತಾರೀಕು ಬರೆಯುತ್ತೇವೆ. ಬೇಳೆಯನ್ನು ಬಿಸಿಲು ಇರುವ ಮೇ ತಿಂಗಳಲ್ಲೇ ಒಣಗಿಸಿ ಡ್ರಮ್ಮಿಗೆ ತುಂಬದಿದ್ದರೆ ಜುಲೈಗೆ ತೂತು ಬಿದ್ದಿರುತ್ತದೆ. ಕಿಟ್ ಕಟ್ಟುವಾಗ ಸೋಪು ಬೇರೆ ಕವರಿನಲ್ಲಿ ಹೋಗಬೇಕು, ಇಲ್ಲವೆಂದರೆ ಅಕ್ಕಿಗೆಲ್ಲ ಅದರ ವಾಸನೆ. ಎಣ್ಣೆ ಪೊಟ್ಟಣ ಎಲ್ಲದರ ಮೇಲೆ ಬರಬೇಕು, ಅಡಿಯಲ್ಲಿಟ್ಟರೆ ಒಡೆದು ಸಕ್ಕರೆ, ರವೆ ಎರಡೂ ಹಾಳು.

ಬರುವ ವಸ್ತುಗಳೆಲ್ಲ ಕೊಡುವಂಥವೂ ಅಲ್ಲ. ಕ್ರಿಸ್ಮಸ್ ಮುಗಿದ ಮೇಲೆ ಅವಧಿ ಮುಗಿಯಲು ವಾರ ಇರುವ ಬಿಸ್ಕತ್ತು ಪೊಟ್ಟಣಗಳು ಬರುತ್ತವೆ, ತಿರುಗಿಸಿ ಕಳಿಸುತ್ತೇವೆ. ಮದುವೆ ಹಾಲಿನಿಂದ ಮಧ್ಯಾಹ್ನ ಮೂರು ಗಂಟೆಗೆ ಫೋನ್ ಬರುತ್ತದೆ, ಊಟ ಉಳಿದಿದೆ, ತೆಗೆದುಕೊಂಡು ಹೋಗಿ ಎಂದು. ತೆಂಗಿನಕಾಯಿ ಅರೆದು ಮಾಡಿದ ಪದಾರ್ಥ ನಮ್ಮ ಸೆಕೆಯಲ್ಲಿ ಸಂಜೆಗೆ ಹಳಸುತ್ತದೆ. ಬಿಸಿಯಾಗಿಡುವ, ತಂಪಾಗಿಡುವ ವ್ಯವಸ್ಥೆ ಇಲ್ಲದ ನಾವು ಬೇಯಿಸಿದ ಆಹಾರ ಮುಟ್ಟುವುದಿಲ್ಲ, ಉಳಿದ ಆಹಾರ ಹಂಚುವುದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2019ರಲ್ಲಿ ಮಾಡಿದ ನಿಯಮಗಳೂ ಇವೆ. ಕೆಲವರು ಒಳ್ಳೆಯ ಮನಸ್ಸಿನಿಂದಲೇ ರೇಷನ್ ಅಂಗಡಿಯ ಅಕ್ಕಿಯ ಚೀಲ ತಂದಿಡುತ್ತಾರೆ. ಅದನ್ನೂ ಒಳಗೆ ಬಿಡುವುದಿಲ್ಲ, ಪಡಿತರ ಅಕ್ಕಿ ಬೇರೆ ಕಡೆ ದಾಸ್ತಾನಾಗಿ ಸಿಕ್ಕಿದರೆ ಅಗತ್ಯ ವಸ್ತುಗಳ ಕಾಯ್ದೆಯ ಕೇಸು. ಕಾರ್ಡ್ ಇದ್ದವರಿಗೆ ಅಂಗಡಿಯಲ್ಲಿ ಆ ಅಕ್ಕಿ ಸಿಗುವುದಿಲ್ಲ, ನಾವು ಇಟ್ಟುಕೊಂಡು ಕೊಡುವಂತೆಯೂ ಇಲ್ಲ.

ತಾವು ಮುಖ್ಯವಾಗಿ ಗಮನಿಸಬೇಕಾದದ್ದು ಜೂನ್, ಜುಲೈ ತಿಂಗಳುಗಳನ್ನು. ನಮ್ಮ ಹಣ ಬರುವುದು ಬಡವರ ಪೆಟ್ಟಿಗೆಯಿಂದ, ಈಸ್ಟರ್ ಮುಂಚಿನ ತಪಸ್ಸು ಕಾಲದ ಕಾಣಿಕೆಯಿಂದ, ಸೆಪ್ಟೆಂಬರ್ 8ರ ತೆನೆ ಹಬ್ಬದ ಹೊತ್ತಿಗೆ ಬರುವ ತರಕಾರಿ, ತೆಂಗಿನಕಾಯಿಗಳ ಏಲಂನಿಂದ, ಕ್ರಿಸ್ಮಸ್‌ಗೆ ಗಲ್ಫಿನಿಂದ ಬಂದವರ ಕೈಯಿಂದ. ಜೂನ್‌ಗೆ ಬರುವಾಗ ಇವೆಲ್ಲ ತಳ ಕಂಡಿರುತ್ತವೆ. ಆಗಲೇ ಶಾಲೆ ಶುರು, ಪ್ರತಿ ಮನೆಯಲ್ಲೂ ಫೀಸು, ಪುಸ್ತಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಬಂದರಿನ ಕೂಲಿ ನಿಲ್ಲುತ್ತದೆ. ಮಳೆಗೆ ಕಟ್ಟಡ ಕೆಲಸವೂ ಇಲ್ಲ. ಅದೇ ಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರ್ ಸತ್ತುಹೋಗುತ್ತದೆ, ಒದ್ದೆ ಕೈಯ ಬೆರಳು ಯಂತ್ರಕ್ಕೆ ಇನ್ನೂ ತಾಗುವುದಿಲ್ಲ. ಸರ್ಕಾರದ ಅಕ್ಕಿ ಅತಿ ಹೆಚ್ಚು ಬೇಕಾದ ಎರಡು ತಿಂಗಳಲ್ಲೇ ಅದು ಕೈತಪ್ಪುವುದು ಅತಿ ಸುಲಭ. ನಮ್ಮ ಡ್ರಮ್ಮು ಖಾಲಿ ಇರುವುದೂ ಆಗಲೇ.

ಆದ್ದರಿಂದ ಮತ್ತೆ ಕೇಳುತ್ತೇವೆ: ಬೆರಳು ತಾಗದಿದ್ದರೆ ಪುಸ್ತಕದಲ್ಲಿ ಬರೆದುಕೊಂಡು ಅದೇ ದಿನ ಅಕ್ಕಿ ಕೊಡಿಸಿ. ಹೊಸ ಯೋಜನೆ ಬೇಡ, ಹೊಸ ಆ್ಯಪ್ ಬೇಡ. ಹಿರಿಯರೇ ಇರುವ ಮನೆಗಳಿಗೆ ಅಕ್ಕಿ ತಲುಪಿಸಲು ಅನ್ನ ಸುವಿಧಾ ಎಂಬ ಯೋಜನೆ ಈಗಲೇ ಇದೆ. ಅದರ ಬಗ್ಗೆ ತಿಳಿಯದ ಮನೆಗಳೇ ನಮ್ಮ ಪಟ್ಟಿಯಲ್ಲಿವೆ. ಇರುವುದನ್ನು ನಡೆಸಿ ಸಾಕು.

1967ಕ್ಕೆ ಫೋನ್ ಮಾಡಿ ಎಂದು ಅಂಗಡಿಯ ಗೋಡೆಯ ಮೇಲೆ ಬರೆದಿದೆ. ಮಾಡಿಸಿದ್ದೇವೆ. ದೂರಿನ ಸಂಖ್ಯೆ ಬರುತ್ತದೆ, ಮುಂದೆ ಅದೇ ಅಂಗಡಿಗೆ ಹೋಗಿ ವಿಚಾರಿಸಿ ಎನ್ನುತ್ತಾರೆ. ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ಜಿಲ್ಲಾ ಕುಂದುಕೊರತೆ ಪರಿಹಾರ ಅಧಿಕಾರಿ, 16ರಲ್ಲಿ ರಾಜ್ಯ ಆಹಾರ ಆಯೋಗ, 29ರಲ್ಲಿ ಪ್ರತಿ ನ್ಯಾಯಬೆಲೆ ಅಂಗಡಿಗೂ ಜಾಗೃತಿ ಸಮಿತಿ ಇದೆ. ನಮ್ಮ ಕಡೆಯ ಅಂಗಡಿಗಳ ಜಾಗೃತಿ ಸಮಿತಿಯಲ್ಲಿ ಯಾರಿದ್ದಾರೆ ಎಂದು ಅಲ್ಲಿ ರೇಷನ್ ತರುವವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಬೀಡಿ ಕಟ್ಟುವ ಹೆಂಗಸು ಇಷ್ಟೂ ಬಾಗಿಲು ಬಡಿಯಬೇಕೇ? ಅವರು ಮತ ಹಾಕಿದ್ದು ತಮ್ಮನ್ನು ಆರಿಸಲಿಕ್ಕೆ. ಆಗ ಯಾವ ಯಂತ್ರವೂ ಬೆರಳು ಸವೆದಿದೆ ಎಂದು ಅವರನ್ನು ವಾಪಸ್ ಕಳಿಸಲಿಲ್ಲ, ಶಾಯಿ ಹಚ್ಚಿ ಒಳಗೆ ಬಿಟ್ಟರು.

ತಾಲ್ಲೂಕಿನ ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಗೆ ತಾವೇ ಅಧ್ಯಕ್ಷರು. ಮುಂದಿನ ಸಭೆಗೆ ಆಹಾರ ಇಲಾಖೆಯವರು ಪ್ರತಿ ಅಂಗಡಿಯ ವಿನಾಯಿತಿ ಪುಸ್ತಕ, ಅಂದರೆ ಬೆರಳು ತಾಗದವರಿಗೆ ಅಕ್ಕಿ ಕೊಟ್ಟದ್ದನ್ನು ಬರೆಯುವ ಪುಸ್ತಕ, ತರಬೇಕೆಂದು ಹೇಳಿ. ಪುಸ್ತಕವೇ ಇಲ್ಲದ ಅಂಗಡಿಗಳು ಎಷ್ಟು, ಪುಸ್ತಕ ಇದ್ದೂ ಒಂದು ಸಾಲೂ ಬರೆಯದವು ಎಷ್ಟು ಎಂದು ಕೇಳಿ. ತಿಂಗಳ ಕೊನೆಗೆ ಅಕ್ಕಿ ಪಡೆಯದೆ ಉಳಿದ ಕಾರ್ಡುಗಳ ಪಟ್ಟಿ ಕಂಪ್ಯೂಟರಿನಲ್ಲೇ ಇರುತ್ತದೆ. ಅದರಲ್ಲಿ ಒಂಟಿ ಹಿರಿಯರ ಕಾರ್ಡುಗಳನ್ನು ಬೇರೆ ತೆಗೆದು, ಅವರ ಮನೆಗೆ ಒಬ್ಬರನ್ನು ಕಳಿಸಿ ಕಾರಣ ಕೇಳಿಸಿ. ಇ-ಕೆವೈಸಿ (ಬೆರಳಚ್ಚು ಕೊಟ್ಟು ಗುರುತು ಖಚಿತಪಡಿಸುವುದು) ಆಗಲಿಲ್ಲ ಎಂದು ಹೆಸರು ತೆಗೆಯುವ ಮುಂಚೆಯೂ ಹೀಗೆ ಒಮ್ಮೆ ಮನೆಗೆ ಹೋಗಿ ಬರಲಿ. ಮಲಗಿದಲ್ಲೇ ಇರುವವರ ಬೆರಳು ಅಂಗಡಿಗೆ ನಡೆದು ಬರುವುದಿಲ್ಲ.

ಬರುವ ತಿಂಗಳ ಕಿಟ್‌ಗೆ ನಾವು ಯಥಾಪ್ರಕಾರ ಅಕ್ಕಿ ತೂಗುತ್ತೇವೆ, ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಕಿಟ್ ಹಂಚುವ ದಿನ ದಯವಿಟ್ಟು ಫೋಟೊ ತೆಗೆಸಲು ಬರಬೇಡಿ, ತೆಗೆದುಕೊಳ್ಳುವವರ ಮುಖ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಆ ಹೊತ್ತಿನಲ್ಲಿ ಒಂದು ರೇಷನ್ ಅಂಗಡಿಗೆ ಹೇಳದೆ ಹೋಗಿ ಸಾಲಿನ ಪಕ್ಕ ನಿಲ್ಲಿ. ಮೊದಲ ಹೆಬ್ಬೆಟ್ಟು ತಾಗದೆ ಹೋದಾಗ ಅಂಗಡಿಯವರು ಪುಸ್ತಕ ತೆಗೆಯುತ್ತಾರೋ, ನಾಳೆ ಬನ್ನಿ ಎನ್ನುತ್ತಾರೋ ತಾವೇ ನೋಡಿ. ನಾಳೆ ಬನ್ನಿ ಎಂದರೆ ಅಲ್ಲೇ ನಿಂತು ಅಕ್ಕಿ ಕೊಡಿಸಿ.

ಇಂತಿ,
ಇಗರ್ಜಿಯ ಉಗ್ರಾಣ ನೋಡಿಕೊಳ್ಳುವವರು
ದಕ್ಷಿಣ ಕನ್ನಡ