ಚನ್ನಪಟ್ಟಣದ ಅರಗಿನ ಅಜ್ಜನಿಗೆ

ಚನ್ನಪಟ್ಟಣದ ಓಣಿಯೊಂದರಲ್ಲಿ, ಮರದ ಆಟಿಕೆಗಳಿಗೆ ಬಣ್ಣ ಹಚ್ಚುವ ಅರಗಿನ ಕಡ್ಡಿ ಮಾಡುವ ಅಜ್ಜನಿಗೆ ಈ ಧನ್ಯವಾದ. ಹೆಸರು ಕೇಳಿದರೆ "ಅದ್ಯಾಕಮ್ಮ ಈಗ?" ಅಂದುಬಿಟ್ಟರು.

ಚಿಕ್ಕಂದಿನಿಂದ ನನಗೆ ಬಣ್ಣದ ಹುಚ್ಚು. ಅಮ್ಮನ ಸೀರೆಗಳಿಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕುವ ಕೆಲಸ ಮನೆಯಲ್ಲಿ ನನ್ನದೇ. ಆ ಹುಚ್ಚೇ ಈಗ ಹೊಟ್ಟೆಪಾಡು: ಮರದ ಆಟಿಕೆಗಳ ವಿನ್ಯಾಸ ಮಾಡುತ್ತೇನೆ. ಮರುದಿನ ಗಿಲಕಿಗಳ ಆರ್ಡರ್ ಹೋಗಬೇಕು, ಬಂದಿದ್ದ ಹಳದಿ ಅರಗು ನೋಡಿದರೆ ನಿಂಬೆಹಣ್ಣಿನ ಬಣ್ಣ. ನನಗೆ ಬೇಕಿದ್ದದ್ದು ಗಾಢ ಅರಿಶಿನ. ಅಂಗಡಿಗಳೆಲ್ಲ ಬಾಗಿಲು ಹಾಕುವ ಹೊತ್ತು.

ಅಜ್ಜ ನನ್ನ ಸ್ಯಾಂಪಲ್ಲನ್ನು ಟ್ಯೂಬ್‌ಲೈಟಿನಡಿ ನೋಡಲಿಲ್ಲ. ಹೊರಗೆ ಒಯ್ದು, ಉಳಿದಿದ್ದ ಹಗಲ ಬೆಳಕಿಗೆ ಹಿಡಿದರು. (ಬಣ್ಣ ಬಲ್ಲವರ ಗುರುತೇ ಅದು.) ಆರಿಸಿದ್ದ ಇದ್ದಿಲ ಒಲೆ ಮತ್ತೆ ಹೊತ್ತಿಸಿದರು. ಮೆತ್ತಗಾದ ಅರಗಿಗೆ ಅರಿಶಿನ ಬೆರೆಸಿ ಎಳೆದರು, ಮಡಚಿದರು, ಮತ್ತೆ ಎಳೆದರು. ಲೇತ್ ಯಂತ್ರದಲ್ಲಿ ತಿರುಗುವ ಹಾಲೆ ಮರದ (ಆಟಿಕೆಗೆ ಬಳಸುವ ಮರ) ತುಂಡಿಗೆ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯಿತು. ತಾಳೆಗರಿಯಿಂದ ತಿಕ್ಕಿ, ಹೊಳಪು ಬಂದ ಮೇಲೆ ಕಣ್ಣು ಕಿರಿದು ಮಾಡಿ, "ಇನ್ನೊಂಚೂರು ಕೆಂಪು ಬೇಕಲ್ವಾ?" ಅಂದರು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ! ಬೆಳಗಿನಿಂದ ಹೊತ್ತಿದ್ದ ಭಾರ ಅಲ್ಲೇ ಇಳಿಯಿತು.

ಅರಗಿನ ದುಡ್ಡಷ್ಟೇ ತಗೊಂಡರು. "ಬಿಸಿ ಇದೆ, ಅಂಟ್ಕೊಂತವೆ" ಅಂತ ಒಂದೊಂದೇ ಕಡ್ಡಿಯನ್ನು ಬೇರೆ ಬೇರೆ ಪೇಪರಿನಲ್ಲಿ ಸುತ್ತಿಕೊಟ್ಟರು.

ಗಿಲಕಿಗಳು ಹೊತ್ತಿಗೆ ಸರಿಯಾಗಿ ತಲುಪಿದವು. ಅಜ್ಜನ ಬಳಿ ಇರುವುದು ಬಟನ್ ಫೋನು, ಇದನ್ನು ಓದುವುದಿಲ್ಲ. ಆ ಕಡೆ ಹೋಗುವವರು ಯಾರಾದರೂ ಅವರಿಗೆ ಹೇಳಿಬಿಡಿ.