ಗೆಳೆಯನಿಗೊಂದು ಪತ್ರ: ಮೊದಲ ಶೋ ಕೆರೆ ಊರಲ್ಲೇ ಆಗಲಿ

ಪ್ರೀತಿಯ ಗೋಪಿ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಎರಡೇ ನಿಮಿಷಕ್ಕೆ ನೀನು ಮಾತನ್ನು ನರಸಾಪುರದ ಬೋಂಡಾಕ್ಕೆ ತಿರುಗಿಸಿಬಿಡುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಮೊನ್ನೆ ಕೋಲಾರ ಬಸ್‌ಸ್ಟ್ಯಾಂಡಿನಲ್ಲಿ, ನೀನು ನಿರ್ದೇಶಿಸಿ ನಾನು ನಿರ್ಮಿಸಿದ ನಮ್ಮ ಕೆರೆ ಸಾಕ್ಷ್ಯಚಿತ್ರದಲ್ಲಿ ಬರುವ ಅಜ್ಜಿ ಸಿಕ್ಕರು. "ಪಿಚ್ಚರ್ ಯಾವಾಗಪ್ಪಾ ತೋರಿಸ್ತೀಯ?" ಅಂದರು. ನನಗೆ ಬಾಯಿ ಬರಲಿಲ್ಲ. ಏನಂತ ಹೇಳಲಿ? ಸಿನಿಮಾ ಮುಗಿದಿದೆ ಅಜ್ಜಿ, ಆದರೆ ಎಷ್ಟೋ ದೊಡ್ಡ ಫೆಸ್ಟಿವಲ್‌ಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅನ್ನುತ್ತವೆ, ಊರಲ್ಲಿ ಮೊದಲೇ ತೋರಿಸಿದರೆ ತೆಗೆದುಕೊಳ್ಳದೇ ಇರಬಹುದು, ಅದಕ್ಕೇ ನಿಮ್ಮ ಮುಖ ನಿಮಗೇ ತೋರಿಸದೆ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡಿದ್ದೇವೆ ಅಂತಲಾ?

2018ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತಲ್ಲ, ಅಲ್ಲಿಂದ ನಮ್ಮ ಕಥೆ ಶುರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕಳಿಸುತ್ತಾರೆ. ಮೂರನೇ ಹಂತವೂ ಬೇಕು ಅಂತ ಜಿಲ್ಲೆಯ ಹೋರಾಟಗಾರರು ಕೇಳಿದರು. ಬೋರ್‌ವೆಲ್‌ಗೆ ಜೀವ ಬಂತು ಅಂತ ಖುಷಿಪಟ್ಟವರು, ಆ ನೀರು ಮುಟ್ಟಲು ಹೆದರಿದವರು ಇಬ್ಬರೂ ಒಂದೇ ಮನೆಯಲ್ಲಿ ನಮಗೆ ಸಿಕ್ಕರು. ಈ ಸಿನಿಮಾ ಮೊದಲು ನೋಡಬೇಕಾದವರು ಅವರೇ ಅಲ್ವಾ?

ನಮ್ಮ ಬಜೆಟ್ ತೆಗೆದು ನೋಡು. ಕ್ಯಾಮೆರಾ ಬಾಡಿಗೆ, ಸೌಂಡ್, ಎಡಿಟಿಂಗ್, ಕಲರ್, ಸಬ್‌ಟೈಟಲ್, ಫೆಸ್ಟಿವಲ್ ಫೀಸು, ಎಲ್ಲ ಇದೆ. ಊರಲ್ಲಿ ತೋರಿಸುವ ಖರ್ಚು ಅಂತ ಒಂದು ಸಾಲಿಲ್ಲ. ನಾನು ತುಂಬಿದ ಯಾವ ಗ್ರಾಂಟ್ ಅರ್ಜಿಯಲ್ಲೂ ಅದಕ್ಕೆ ಜಾಗ ಇರಲಿಲ್ಲ. ಅಪ್ಪನ ಕಾಲದಲ್ಲಿ ಟಾಕೀಸಿನಲ್ಲಿ ಪಿಚ್ಚರ್‌ಗೆ ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಷನ್ ಮಾಡಿದ ಸಾಕ್ಷ್ಯಚಿತ್ರ ಹಾಕಲೇಬೇಕಿತ್ತು, ಬೇಡ ಅಂದವರೂ ನೋಡುತ್ತಿದ್ದರು. 1948ರಲ್ಲಿ ಶುರುವಾದ ಆ ಸಂಸ್ಥೆ 2022ರಲ್ಲಿ ಕೇಂದ್ರ ಸರ್ಕಾರದ ಸಿನಿಮಾ ನಿಗಮ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಈಗ ಬೇಕು ಅಂದವರಿಗೂ ಸಿಗುವುದು ಕಷ್ಟ.

ಇನ್ನೊಂದು ವಿಷಯ. ಗ್ರಾಂಟಿನ ಎರಡನೇ ಕಂತು ರಫ್ ಕಟ್, ಅಂದರೆ ಎಡಿಟ್ ಮಾಡಿದ ಮೊದಲ ಕಚ್ಚಾ ರೂಪ, ಕೊಟ್ಟ ಮೇಲೇ ಬರುವುದು. ಎಡಿಟರ್‌ಗೆ ದುಡ್ಡು ಕೊಡದೆ ರಫ್ ಕಟ್ ಆಗುವುದಿಲ್ಲ. ಆ ತಿಂಗಳುಗಳಲ್ಲಿ ಡೈರಿಯಿಂದ ಬಂದ ಅಮ್ಮನ ಹಾಲಿನ ಬಟವಾಡೆ ಎಡಿಟಿಂಗ್ ರೂಮಿಗೆ ಹೋಯಿತು. ನಿನಗೆ ಹೇಳಿರಲಿಲ್ಲ. ಇಲ್ಲಿ ಹೇಳುವ ಯೋಚನೆಯೂ ಇರಲಿಲ್ಲ, ಬರೆಯುತ್ತಾ ಬಂದುಬಿಟ್ಟಿತು. ಅಮ್ಮ ಇವತ್ತಿಗೂ ಆ ಸಿನಿಮಾ ನೋಡಿಲ್ಲ. ತೋರಿಸು ಅಂತ ಕೇಳಿಯೂ ಇಲ್ಲ. ಇಷ್ಟು ದಿನ ದುಡ್ಡು ಹೊಂದಿಸಿ ಸಿನಿಮಾ ಮುಗಿಸಿದರೆ ನಿರ್ಮಾಪಕನ ಕೆಲಸ ಮುಗಿಯಿತು ಅಂದುಕೊಂಡು ಬದುಕಿದೆ ಗೋಪಿ. ಈಗ ರಾತ್ರಿ ನಿದ್ದೆ ಬರುವುದಿಲ್ಲ. ಇವರಿಗೇ ಮುಟ್ಟಿಸಲು ಆಗದಿದ್ದರೆ ಇನ್ನೊಂದು ಸಿನಿಮಾಕ್ಕೆ ಯಾವ ಮುಖ ಇಟ್ಟುಕೊಂಡು ಯಾರ ಮನೆ ಬಾಗಿಲಿಗೆ ಹೋಗಲಿ ಅಂತ ಭಯವಾಗುತ್ತದೆ.

ನಿನಗೆ ಇದರಿಂದ ನಷ್ಟ ಆಗಬಹುದು, ಗೊತ್ತು. ಇದು ನಿನ್ನ ಮೊದಲ ಸಿನಿಮಾ. ಹೊಸ ನಿರ್ದೇಶಕನ ಹೆಸರು ನಾಲ್ಕು ಜನಕ್ಕೆ ಗೊತ್ತಾಗುವುದು ಅಂಥ ಫೆಸ್ಟಿವಲ್‌ಗಳಲ್ಲೇ. ಆದರೂ ಕೇಳುತ್ತೇನೆ. ಮೊದಲು ಸೆನ್ಸಾರ್ ಸರ್ಟಿಫಿಕೇಟ್‌ಗೆ ಹಾಕೋಣ, ಬೆಂಗಳೂರಿನಲ್ಲೇ ಕಚೇರಿ ಇದೆ. 1952ರ ಕಾಯ್ದೆ ಪ್ರಕಾರ ಜನರಿಗೆ ತೋರಿಸಲು ಅದು ಬೇಕೇ ಬೇಕು. ಫೆಸ್ಟಿವಲ್‌ಗಳು ವಿನಾಯಿತಿ ಪಡೆಯುತ್ತವೆ, ಡೈರಿ ಮುಂದೆ ಪರದೆ ಕಟ್ಟುವ ನಮಗೆ ಅದೆಲ್ಲಿ ಸಿಗುತ್ತದೆ? ಸರ್ಟಿಫಿಕೇಟ್ ಬಂದ ವಾರವೇ ತೋರಿಸೋಣ. ಆಮೇಲೆ ಯಾವ ಫೆಸ್ಟಿವಲ್ ಕರೆದರೂ ಹೋಗೋಣ.

ಸಾಕು, ಜಾಸ್ತಿ ಆಯಿತು. ರಾಣಿ ಎರಡು ಮರಿ ಹಾಕಿದ್ದಾಳೆ, ಟ್ರೈಪಾಡ್ ಕಂಡರೆ ಈಗಲೂ ಓಡಿ ಬರುತ್ತಾಳೆ. ಭಾನುವಾರ ಬಾ. ಅಮ್ಮ ಮುದ್ದೆ, ಅವರೆಕಾಳು ಸಾರು ಮಾಡುತ್ತಾಳಂತೆ. ಬೇಡ ಅನ್ನೋದಿದ್ದರೂ ಊಟ ಮಾಡಿಕೊಂಡೇ ಹೇಳು.

ನಿನ್ನ,
ಶೀನ